ಫೈಲುಗಳಿಗೆ ಬೀಗ ಜಡಿಯುವ ರ‍್ಯಾನ್ಸಮ್‌ವೇರ್: ಹೇಗೆ ಬರುತ್ತದೆ, ಏನು ಮಾಡುತ್ತದೆ, ಬಂದ ಮೇಲೆ ಏನು ಮಾಡಬೇಕು

ಮೈಸೂರಿನ ಫೋಟೊ ಸ್ಟುಡಿಯೊ, ಡಿಟಿಪಿ ಅಂಗಡಿ, ಮಂಡ್ಯದಲ್ಲಿ ಬೆಲ್ಲದ ಮಂಡಿಗಳಿಗೆ ಟ್ಯಾಲಿಯಲ್ಲಿ ಲೆಕ್ಕ ಬರೆಯುವವರ ಕಚೇರಿ, ಮನೆಯಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಮಾಡುವ ವಿದ್ಯಾರ್ಥಿಯ ಲ್ಯಾಪ್‌ಟಾಪ್: ಎಲ್ಲೇ ಆಗಲಿ, ಕಂಪ್ಯೂಟರಿಗಿಂತ ಅದರೊಳಗಿನ ಫೈಲುಗಳೇ ದುಬಾರಿ. ರ‍್ಯಾನ್ಸಮ್‌ವೇರ್ ಕಣ್ಣಿಡುವುದು ಅವುಗಳ ಮೇಲೆಯೇ: ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುವ ಪ್ರೋಗ್ರಾಂ ಅದು. ಅದು ಕಂಪ್ಯೂಟರನ್ನು ಕೆಡಿಸುವುದಿಲ್ಲ. ವಿಂಡೋಸ್ ಎಂದಿನಂತೆ ಆನ್ ಆಗುತ್ತದೆ, ಇಂಟರ್ನೆಟ್ ಬರುತ್ತದೆ, ಪ್ರಿಂಟರ್ ಓಡುತ್ತದೆ. ಮದುವೆ ಫೋಟೊ ಮಾತ್ರ ತೆರೆಯುವುದಿಲ್ಲ, ಟ್ಯಾಲಿಯಲ್ಲಿ ಕಂಪನಿ ಲೋಡ್ ಆಗುವುದಿಲ್ಲ, ನುಡಿಯಲ್ಲಿ ಟೈಪ್ ಮಾಡಿಟ್ಟ ಕಾಗದಪತ್ರ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ.

ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11 ಇರುವ ಸ್ವಂತ ಬಳಕೆಯ ಕಂಪ್ಯೂಟರುಗಳಿಗೆ. ದೊಡ್ಡ ಕಂಪನಿಗಳನ್ನು ಹಿಡಿಯುವ ತಂಡಗಳ ದಾರಿಯೇ ಬೇರೆ. ಮನೆ ಮತ್ತು ಸಣ್ಣ ಅಂಗಡಿಗಳ ಕಂಪ್ಯೂಟರಿಗೆ ವರ್ಷಗಟ್ಟಲೆ ಕಾಟ ಕೊಟ್ಟಿರುವುದು ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯುವ ಕುಟುಂಬ. ಆದ್ದರಿಂದ ಉದಾಹರಣೆಗೆ ಅದನ್ನೇ ಹೆಚ್ಚಾಗಿ ತೆಗೆದುಕೊಂಡಿದೆ. ನಿಮ್ಮ ಫೈಲುಗಳಿಗೆ ಈಗಾಗಲೇ ಬೀಗ ಬಿದ್ದಿದ್ದರೆ "ಮೊದಲ ಒಂದು ಗಂಟೆ" ಎಂಬ ಭಾಗಕ್ಕೆ ನೇರ ಹೋಗಿ. ಹೋಗುವ ಮುಂಚೆ ಎರಡು ಮಾತು: ಬ್ಯಾಕಪ್ ಇರುವ ಹಾರ್ಡ್ ಡಿಸ್ಕನ್ನು ಆ ಕಂಪ್ಯೂಟರಿಗೆ ಹಾಕಬೇಡಿ, ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿಸಬೇಡಿ.

ನಿಜಕ್ಕೂ ಬೀಗ ಬಿದ್ದಿದೆಯೇ?

ಫೈಲ್ ತೆರೆಯಲಿಲ್ಲ ಎಂದ ಮಾತ್ರಕ್ಕೆ ರ‍್ಯಾನ್ಸಮ್‌ವೇರ್ ಅಲ್ಲ. ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್ ಉಳಿದಿದ್ದರೆ ಅದು ಶಾರ್ಟ್‌ಕಟ್ ವೈರಸ್. ಅಲ್ಲಿ ಫೈಲುಗಳು ಮರೆಯಾಗಿವೆಯೇ ಹೊರತು ಕೆಟ್ಟಿಲ್ಲ. ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡದೆ, ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಟಿಕ್ ಹಾಕಿ. ಆಗಲೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ "ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್" ಎಂಬ ಟಿಕ್ ತೆಗೆಯಿರಿ. ಹಾಗೆಯೇ, ಬ್ರೌಸರ್ ತುಂಬ ಕೆಂಪು ಪರದೆ ಬಂದು "ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ" ಎಂದು ಕೂಗಿದರೆ ಅದು ಬರೀ ಒಂದು ವೆಬ್ ಪುಟ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರನ್ನು ಮುಚ್ಚಿದರೆ ಸಾಕು. ಆ ನಂಬರಿಗೆ ಕರೆ ಮಾಡಿದರೆ ಮಾತ್ರ ಕಷ್ಟ ಶುರು.

ನಿಜವಾದ ಬೀಗದ ಗುರುತು ಬೇರೆ. ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿ ನೋಡಿ. ಜೆಪಿಜಿ ಎಂದು ಮುಗಿಯುತ್ತಿದ್ದ ಹೆಸರಿನ ಕೊನೆಗೆ ಇನ್ನೊಂದು ಚುಕ್ಕಿ, ಅದರಾಚೆ ಅರ್ಥವಿಲ್ಲದ ನಾಲ್ಕು ಅಕ್ಷರ ಸೇರಿರುತ್ತದೆ. ಫೋಟೊ, ವರ್ಡ್, ಎಕ್ಸೆಲ್, ಪಿಡಿಎಫ್ ಎಲ್ಲದರ ಕೊನೆಯಲ್ಲೂ ಅದೇ ನಾಲ್ಕು ಅಕ್ಷರ. ಐಕಾನ್‌ಗಳೆಲ್ಲ ಬಿಳಿ ಹಾಳೆಯಾಗಿರುತ್ತವೆ. ಫೋಲ್ಡರುಗಳಲ್ಲಿ ರೀಡ್‌ಮಿ ಎಂಬ ಹೊಸ ಟೆಕ್ಸ್ಟ್ ಫೈಲ್ ಬಂದು ಕೂತಿರುತ್ತದೆ. ಡಿಜೆವಿಯು ಕುಟುಂಬದ ಪತ್ರದಲ್ಲಿ ಬಹುಕಾಲ ಒಂದೇ ಲೆಕ್ಕ ಇತ್ತು: 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ, ಅಂದರೆ 490. ಕೊನೆಯಲ್ಲಿ ಇಮೇಲ್ ವಿಳಾಸ, ಅದರ ಕೆಳಗೆ ಉದ್ದನೆಯ ಪರ್ಸನಲ್ ಐಡಿ. ಈ ಐಡಿ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ. ಪತ್ರವನ್ನು ಅಳಿಸಬೇಡಿ.

ಒಳಗೆ ಬರುವ ದಾರಿ

ಮೊದಲ ದಾರಿ, ಎಲ್ಲಕ್ಕಿಂತ ಅಗಲವಾದ ದಾರಿ, ಕ್ರ್ಯಾಕ್, ಅಂದರೆ ದುಡ್ಡು ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಕಳ್ಳ ಪ್ರತಿ. ಫೋಟೊಶಾಪ್, ಕೋರೆಲ್‌ಡ್ರಾ, ವಿಡಿಯೊ ಎಡಿಟಿಂಗ್ ತಂತ್ರಾಂಶ, ಆಫೀಸ್, ಕೊನೆಗೆ ವಿಂಡೋಸನ್ನೇ ಆಕ್ಟಿವೇಟ್ ಮಾಡುವ ಸಣ್ಣ ಪ್ರೋಗ್ರಾಂ. ಹುಡುಕಿದಾಗ ಸಿಗುವ ತಾಣದಲ್ಲಿ ಡೌನ್‌ಲೋಡ್ ಒತ್ತಿದರೆ ನಾಲ್ಕೈದು ಪುಟ ತಿರುಗಿಸಿ ಒಂದು ಝಿಪ್ ಅಥವಾ ಆರ್‌ಎಆರ್ ಫೈಲ್ ಕೊಡುತ್ತಾರೆ. ಅದಕ್ಕೆ 1234 ತರಹದ ಒಂದು ಪಾಸ್‌ವರ್ಡ್ ಇರುತ್ತದೆ, ಜೊತೆಗೊಂದು ಸೂಚನೆ: "ಇನ್‌ಸ್ಟಾಲ್ ಮಾಡುವ ಮುಂಚೆ ಆಂಟಿವೈರಸ್ ಆಫ್ ಮಾಡಿ."

ಇವೆರಡನ್ನೂ ಬೇಕೆಂದೇ ಇಟ್ಟಿರುತ್ತಾರೆ. ಪಾಸ್‌ವರ್ಡ್ ಹಾಕಿದ ಝಿಪ್‌ನ ಒಳಗೆ ಬ್ರೌಸರಾಗಲಿ ಆಂಟಿವೈರಸ್ಸಾಗಲಿ ಇಣುಕಿ ನೋಡಲಾಗದು. ಡೌನ್‌ಲೋಡ್ ಆಗುವಾಗ ಎಚ್ಚರಿಕೆ ಬರದಿರುವುದು ಅದಕ್ಕೇ. ಬಿಚ್ಚಿದ ಮೇಲೆ ಹಿಡಿಯಬೇಕಾದ ಡಿಫೆಂಡರನ್ನು, ಅಂದರೆ ವಿಂಡೋಸಿನ ಜೊತೆಗೇ ಬರುವ ಆಂಟಿವೈರಸ್ಸನ್ನು, ನಮ್ಮ ಕೈಯಿಂದಲೇ ಆಫ್ ಮಾಡಿಸುತ್ತಾರೆ. ಆಮೇಲೆ ಸೆಟಪ್ ಮೇಲೆ ಡಬಲ್ ಕ್ಲಿಕ್ ಮಾಡಿ, ವಿಂಡೋಸ್ ಕೇಳುವ ಅನುಮತಿಗೆ ಯೆಸ್ ಒತ್ತಿದಾಗ, ಆ ಪ್ರೋಗ್ರಾಮಿಗೆ ಕಂಪ್ಯೂಟರಿನ ಪೂರ್ತಿ ಅಧಿಕಾರ ಸಿಕ್ಕಿತು. ಕೆಲವು ಸಲ ಫೋಟೊಶಾಪ್ ನಿಜವಾಗಿಯೂ ಇನ್‌ಸ್ಟಾಲ್ ಆಗುತ್ತದೆ. ಕೆಲವು ಸಲ ಏನೂ ಆಗದೆ ಕಿಟಕಿ ಮುಚ್ಚಿಹೋಗುತ್ತದೆ, ಬಳಸುವವರು "ಇದು ಕೆಲಸ ಮಾಡಲಿಲ್ಲ" ಎಂದು ಇನ್ನೊಂದು ಕ್ರ್ಯಾಕ್ ಹುಡುಕುತ್ತಾರೆ. ಅಷ್ಟರಲ್ಲಿ ಮೊದಲಿನದು ಹಿಂದಿನಿಂದ ಕೆಲಸ ಶುರುಮಾಡಿರುತ್ತದೆ.

ಎರಡನೆಯ ದಾರಿ ಇಮೇಲ್. ಜಿಎಸ್‌ಟಿ ನೋಟಿಸ್, ಕೊರಿಯರ್ ತಲುಪಲಿಲ್ಲ, ಕೊಟೇಶನ್ ಕಳಿಸಿ, ಪೇಮೆಂಟ್ ರಸೀತಿ ಎಂಬ ಹೆಸರಿನಲ್ಲಿ ಅಟ್ಯಾಚ್‌ಮೆಂಟ್ ಬರುತ್ತದೆ. ವಿಂಡೋಸ್ ಫೈಲಿನ ಎಕ್ಸ್‌ಟೆನ್ಷನ್ ಅನ್ನು ಮುಚ್ಚಿಟ್ಟು ತೋರಿಸುವುದರಿಂದ, ಹೆಸರಿನಲ್ಲಿ ಪಿಡಿಎಫ್ ಎಂದು ಬರೆದು ಕೊನೆಯಲ್ಲಿ ಇಎಕ್ಸ್‌ಇ ಇರುವ ಪ್ರೋಗ್ರಾಂ ಕೂಡ ಪಿಡಿಎಫ್‌ನಂತೆಯೇ ಕಾಣುತ್ತದೆ. ವರ್ಡ್ ಮತ್ತು ಎಕ್ಸೆಲ್ ಫೈಲುಗಳ ಮ್ಯಾಕ್ರೊ, ಅಂದರೆ ಫೈಲಿನೊಳಗೇ ಇರುವ ಸಣ್ಣ ಪ್ರೋಗ್ರಾಂ, ಮೂಲಕ ಬರುವ ದಾರಿಯನ್ನು ಮೈಕ್ರೊಸಾಫ್ಟ್ 2022ರಿಂದ ಬಹುಮಟ್ಟಿಗೆ ಮುಚ್ಚಿದೆ: ಇಂಟರ್ನೆಟ್ಟಿನಿಂದ ಬಂದ ಫೈಲಿನ ಮ್ಯಾಕ್ರೊ ತಾನಾಗಿ ಬ್ಲಾಕ್ ಆಗುತ್ತದೆ. ಹಳೆಯ ಆಫೀಸ್ ಇರುವಲ್ಲಿ, ಅದರಲ್ಲೂ ಅಪ್‌ಡೇಟ್ ನಿಲ್ಲಿಸಿಟ್ಟ ಕ್ರ್ಯಾಕ್ ಆಫೀಸ್ ಇರುವಲ್ಲಿ, ಆ ರಕ್ಷಣೆ ಇಲ್ಲ.

ಮೂರನೆಯದು ಲೆಕ್ಕಪತ್ರದ ಕಚೇರಿಗಳನ್ನು ಹಿಡಿಯುವ ದಾರಿ. ಆಫೀಸಿನ ಟ್ಯಾಲಿಯನ್ನು ಮನೆಯಿಂದ ನೋಡಲು ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ, ರೂಟರಿನಲ್ಲಿ ಅದಕ್ಕೆ ಬೇಕಾದ 3389 ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆದಿಡುತ್ತಾರೆ. ಈ ಪೋರ್ಟ್ ತೆರೆದಿರುವ ಕಂಪ್ಯೂಟರುಗಳನ್ನು ಹುಡುಕುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಸಿಕ್ಕ ಕೂಡಲೇ ಒಂದಾದ ಮೇಲೊಂದು ಪಾಸ್‌ವರ್ಡ್ ಹಾಕಿ ನೋಡುತ್ತವೆ. ಅಡ್ಮಿನ್ 123 ತರಹದ ಪಾಸ್‌ವರ್ಡ್ ತಡೆಯುವುದೇ ಇಲ್ಲ. ಇಲ್ಲಿ ಒಳಬರುವವನು ಮನುಷ್ಯ. ಎಲ್ಲರೂ ಮನೆಗೆ ಹೋದ ಮೇಲೆ ಬಂದು ಆಂಟಿವೈರಸ್ ತೆಗೆದುಹಾಕಿ, ಬ್ಯಾಕಪ್ ಎಲ್ಲಿದೆ ಎಂದು ಹುಡುಕಿ ಅಳಿಸಿ, ಆಮೇಲೆ ಬೀಗ ಹಾಕುತ್ತಾನೆ. ವಿಂಡೋಸ್ ಹೋಮ್ ಆವೃತ್ತಿಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬರಲಾಗದು, ಪ್ರೊ ಆವೃತ್ತಿಗೆ ಬರಬಹುದು. ಪ್ರೊ ಇರುವವರು ಇದನ್ನು ಇವತ್ತೇ ನೋಡಿಕೊಳ್ಳಬೇಕು.

ಅಪ್‌ಡೇಟ್ ಆಗದ ವಿಂಡೋಸ್ ಇದ್ದರೆ ಯಾರೂ ಏನೂ ಕ್ಲಿಕ್ ಮಾಡದೆಯೂ ಬರಬಹುದು. 2017ರ ಮೇ 12ರಂದು ಹಬ್ಬಿದ ವನ್ನಾಕ್ರೈ ಎಂಬ ಬೀಗದ ಪ್ರೋಗ್ರಾಂ ಹಾಗೆ ಬಂದದ್ದು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೊಸಾಫ್ಟ್ ಅದೇ ವರ್ಷ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ.

ಒಳಗೆ ಬಂದ ಮೇಲೆ ನಡೆಯುವುದು

ಡಿಜೆವಿಯು ಓಡಿದ ಕೂಡಲೇ ತನ್ನ ಒಂದು ಪ್ರತಿಯನ್ನು ಬಳಕೆದಾರರ ಆಪ್‌ಡೇಟಾ ಫೋಲ್ಡರಿನೊಳಗೆ ಬಚ್ಚಿಡುತ್ತದೆ. ಟಾಸ್ಕ್ ಶೆಡ್ಯೂಲರಿನಲ್ಲಿ "ಟೈಮ್ ಟ್ರಿಗರ್ ಟಾಸ್ಕ್" ಎಂಬ ಹೆಸರಿನಲ್ಲಿ ಐದೈದು ನಿಮಿಷಕ್ಕೊಮ್ಮೆ ತನ್ನನ್ನೇ ಮತ್ತೆ ಓಡಿಸುವ ಏರ್ಪಾಡು ಮಾಡಿಕೊಳ್ಳುತ್ತದೆ. ಬೀಗ ಬಿದ್ದ ಕಂಪ್ಯೂಟರಿಗೆ "ಇದರಲ್ಲಿ ಬ್ಯಾಕಪ್ ಇದೆ ನೋಡೋಣ" ಎಂದು ಹಾರ್ಡ್ ಡಿಸ್ಕ್ ಹಾಕಿದರೆ ಐದು ನಿಮಿಷದೊಳಗೆ ಅದಕ್ಕೂ ಬೀಗ ಬೀಳುವುದು ಇದರಿಂದಲೇ. ಉಳಿದಿದ್ದ ಒಂದೇ ಪ್ರತಿ ಕೈತಪ್ಪುವುದು ಬಹಳ ಸಲ ಈ ಹಂತದಲ್ಲಿ.

ಆಮೇಲೆ ಅದು ತನ್ನ ಸರ್ವರನ್ನು ಸಂಪರ್ಕಿಸಿ ಈ ಕಂಪ್ಯೂಟರಿಗೇ ಪ್ರತ್ಯೇಕವಾದ ಒಂದು ಕೀಲಿ ಕೇಳುತ್ತದೆ. ಸಿಕ್ಕರೆ ಅದಕ್ಕೆ ಆನ್‌ಲೈನ್ ಕೀ ಎನ್ನುತ್ತಾರೆ. ಸರ್ವರ್ ಸಿಗದಿದ್ದರೆ ತನ್ನೊಳಗೇ ಇಟ್ಟುಕೊಂಡು ಬಂದ, ಡಿಜೆವಿಯುವಿನ ಅದೇ ತಳಿಗೆ ಸಿಕ್ಕ ಎಲ್ಲರಿಗೂ ಒಂದೇ ಆಗಿರುವ ಆಫ್‌ಲೈನ್ ಕೀ ಬಳಸುತ್ತದೆ. ಇವೆರಡರ ವ್ಯತ್ಯಾಸದ ಮೇಲೆಯೇ ನಿಮ್ಮ ಫೈಲುಗಳ ಭವಿಷ್ಯ ನಿಂತಿದೆ. ಮುಂದೆ ವಿವರವಾಗಿ ಹೇಳಿದೆ.

ಅದೇ ಹೊತ್ತಿನಲ್ಲಿ ಪರದೆಯ ಮೇಲೆ ವಿಂಡೋಸ್ ಅಪ್‌ಡೇಟ್ ನಡೆಯುತ್ತಿದೆ ಎಂಬ ಸುಳ್ಳು ಕಿಟಕಿಯೂ ಬರಬಹುದು. ಕಂಪ್ಯೂಟರ್ ನಿಧಾನವಾದದ್ದಕ್ಕೆ ಅದೇ ಕಾರಣವೆಂದು ನಂಬಿ ಕಾಯುತ್ತಾ ಕೂರಲಿ ಎಂದು. ಹಿಂದುಗಡೆ ವಿಂಡೋಸ್ ತಾನೇ ಇಟ್ಟುಕೊಂಡಿರುವ ಹಳೆಯ ಪ್ರತಿಗಳನ್ನು, ಅಂದರೆ ಶ್ಯಾಡೊ ಕಾಪಿಗಳನ್ನು, ಅಳಿಸುತ್ತದೆ. ಸಿಸ್ಟಮ್ ರಿಸ್ಟೋರ್, ಪ್ರೀವಿಯಸ್ ವರ್ಷನ್ಸ್ ಎರಡೂ ಅಲ್ಲಿಗೆ ಮುಗಿಯಿತು. ಹೋಸ್ಟ್ಸ್ ಫೈಲಿನಲ್ಲಿ ಸಾಲುಗಳನ್ನು ಸೇರಿಸಿ ಭದ್ರತೆಯ ಬಗ್ಗೆ ನೆರವು ಕೊಡುವ ತಾಣಗಳು ತೆರೆಯದಂತೆ ಮಾಡುತ್ತದೆ.

ಬೀಗ ಹಾಕುವಾಗ ವಿಂಡೋಸ್ ಮತ್ತು ಪ್ರೋಗ್ರಾಂ ಫೈಲ್ಸ್ ಫೋಲ್ಡರುಗಳನ್ನು ಬಿಡುತ್ತದೆ. ಕಂಪ್ಯೂಟರ್ ಓಡದಿದ್ದರೆ ನೀವು ಪತ್ರ ಓದುವುದು ಹೇಗೆ, ಹಣ ಕಟ್ಟುವುದು ಹೇಗೆ? ಉಳಿದಂತೆ ಸಿ, ಡಿ, ಇ ಎಂದು ಅಕ್ಷರ ಇರುವ ಪ್ರತಿಯೊಂದು ಡ್ರೈವಿಗೂ ಹೋಗುತ್ತದೆ. ಚುಚ್ಚಿಟ್ಟ ಪೆನ್‌ಡ್ರೈವ್, ಕ್ಯಾಮೆರಾದ ಮೆಮೊರಿ ಕಾರ್ಡ್, ಪಕ್ಕದ ಕಂಪ್ಯೂಟರಿನ ಶೇರ್ ಮಾಡಿದ ಫೋಲ್ಡರ್, ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್ ಸಿಂಕ್ ಫೋಲ್ಡರ್, ಯಾವುದೂ ಹೊರತಲ್ಲ. ಸಿಂಕ್ ಆನ್ ಇದ್ದರೆ ಕೆಟ್ಟ ಫೈಲೇ ಮೇಲಕ್ಕೆ ಅಪ್‌ಲೋಡ್ ಆಗುತ್ತದೆ.

ಇಷ್ಟೆಲ್ಲ ಕೆಲವೇ ನಿಮಿಷಗಳಲ್ಲಿ ಆಗಲು ಒಂದು ಉಪಾಯ ಇದೆ. ಡಿಜೆವಿಯು ಪೂರ್ತಿ ಫೈಲನ್ನು ಮುಟ್ಟುವುದಿಲ್ಲ. ಮೊದಲ 150 ಕೆಬಿಯನ್ನು ಮಾತ್ರ ಸಾಲ್ಸಾ20 ಎಂಬ ವಿಧಾನದಲ್ಲಿ, ಕೀಲಿ ಇಲ್ಲದೆ ಓದಲಾಗದಂತೆ, ಎನ್‌ಕ್ರಿಪ್ಟ್ ಮಾಡಿ, ಫೈಲಿನ ಬಾಲಕ್ಕೆ ತನ್ನ ಗುರುತನ್ನೂ ಐಡಿಯನ್ನೂ ಅಂಟಿಸುತ್ತದೆ. ಸಣ್ಣ ವರ್ಡ್ ಫೈಲಿಗೆ 150 ಕೆಬಿ ಎಂದರೆ ಇಡೀ ಫೈಲೇ ಹೋಯಿತು. ನಾಲ್ಕು ಜಿಬಿಯ ಮದುವೆ ವಿಡಿಯೊಗೆ ಅದು ತಲೆಯ ಮೇಲಿನ ಒಂದು ಗೆರೆ ಮಾತ್ರ, ಆದರೆ ಆ ಗೆರೆ ಇಲ್ಲದೆ ಪ್ಲೇಯರಿಗೆ ಫೈಲ್ ಅರ್ಥವಾಗುವುದಿಲ್ಲ. ಹೆಸರಿನ ಕೊನೆಯ ನಾಲ್ಕು ಅಕ್ಷರ ಅಳಿಸಿ ಜೆಪಿಜಿ ಎಂದು ಬದಲಿಸಿದರೆ ಏನೂ ಆಗದಿರುವುದಕ್ಕೂ ಇದೇ ಕಾರಣ. ಕೆಟ್ಟಿರುವುದು ಒಳಗೆ, ಹೆಸರಿನಲ್ಲಲ್ಲ.

ಕೀಲಿಯನ್ನು ನಾವೇ ಹುಡುಕಬಾರದೇಕೆ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲಿ ಎರಡು ಬೀಗಗಳಿವೆ. ಫೈಲನ್ನು ಮುಚ್ಚಿದ ಕೀಲಿಯನ್ನೇ ಆರ್‌ಎಸ್‌ಎ ಎಂಬ ಇನ್ನೊಂದು ವಿಧಾನದಲ್ಲಿ ಮತ್ತೆ ಮುಚ್ಚಿಡುತ್ತಾರೆ. ಇದು ದೇವಸ್ಥಾನದ ಹುಂಡಿಯ ಲೆಕ್ಕ: ಒಳಗೆ ಹಾಕಲು ಯಾರ ಅಪ್ಪಣೆಯೂ ಬೇಡ, ತೆಗೆಯಲು ಮಾತ್ರ ಕೀಲಿ ಇರುವವರೇ ಬೇಕು. ನಿಮ್ಮ ಕಂಪ್ಯೂಟರಿಗೆ ಬರುವುದು ಹಾಕುವ ಕಿಂಡಿ ಮಾತ್ರ. ತೆಗೆಯುವ ಕೀಲಿ ಅವರ ಸರ್ವರ್ ಬಿಟ್ಟು ಹೊರಗೆ ಬಂದೇ ಇರುವುದಿಲ್ಲ. 2048 ಬಿಟ್ ಉದ್ದದ ಆ ಕೀಲಿಯನ್ನು ಊಹಿಸಿ ಹುಡುಕುವಷ್ಟು ವೇಗದ ಕಂಪ್ಯೂಟರ್ ಇಂದು ಇಲ್ಲ.

ಇನ್ನೊಂದು ಹಾನಿ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಒತ್ತಿ ಹೇಳಬೇಕು. ಡಿಜೆವಿಯು ಜೊತೆಗೆ ಅಝೊರುಲ್ಟ್, ವಿಡಾರ್, ರೆಡ್‌ಲೈನ್ ತರಹದ ಪಾಸ್‌ವರ್ಡ್ ಕಳ್ಳ ಪ್ರೋಗ್ರಾಂಗಳೂ ಬಂದಿರುವುದು ಮತ್ತೆ ಮತ್ತೆ ಕಂಡಿದೆ. ಬ್ರೌಸರಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್, ಲಾಗಿನ್ ಆಗಿರುವುದನ್ನು ಬ್ರೌಸರ್ ನೆನಪಿಡುವ ಕುಕೀ, ಕಾರ್ಡ್ ವಿವರ ಎಲ್ಲವೂ ಬೀಗ ಬೀಳುವ ಹೊತ್ತಿಗೆ ಹೊರಗೆ ಹೋಗಿರಬಹುದು.

ಮೊದಲ ಒಂದು ಗಂಟೆ

ನೆಟ್ ಕೇಬಲ್ ಎಳೆಯಿರಿ, ವೈಫೈ ಆಫ್ ಮಾಡಿ. ಪೆನ್‌ಡ್ರೈವ್, ಹಾರ್ಡ್ ಡಿಸ್ಕ್, ಕಾರ್ಡ್ ರೀಡರ್ ಎಲ್ಲ ಕಿತ್ತುಹಾಕಿ. ಅಂಗಡಿಯಲ್ಲಿ ಎರಡು ಮೂರು ಕಂಪ್ಯೂಟರ್ ಇದ್ದರೆ ಅವನ್ನೂ ನೆಟ್‌ವರ್ಕಿನಿಂದ ಬಿಡಿಸಿ.

ಇನ್ನೂ ಬೀಗ ಬೀಳುತ್ತಿದೆಯೇ ನೋಡಿ. ಕೆಲವು ಫೋಲ್ಡರುಗಳಲ್ಲಿ ಫೈಲುಗಳು ಸರಿಯಾಗಿವೆ, ಡಿಸ್ಕಿನ ದೀಪ ಬಿಡದೆ ಮಿನುಗುತ್ತಿದೆ ಎಂದರೆ ಕೆಲಸ ನಡೆಯುತ್ತಿದೆ. ಆಗ ಶಟ್‌ಡೌನ್ ಮೆನು ಹುಡುಕುತ್ತಾ ಕೂರದೆ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿಹಿಡಿದು ಆಫ್ ಮಾಡಿ. ಆಫ್ ಮಾಡಿದರೆ ಮೆಮೊರಿಯಲ್ಲಿರುವ ಕೀಲಿ ಹೋಗುತ್ತದೆ ಎಂಬ ವಾದ ಇದೆ. ವನ್ನಾಕ್ರೈ ಬಂದಾಗ ವಿಂಡೋಸ್ ಎಕ್ಸ್‌ಪಿ ಮತ್ತು 7ರಲ್ಲಿ, ರೀಸ್ಟಾರ್ಟ್ ಮಾಡದ ಕೆಲವು ಕಂಪ್ಯೂಟರುಗಳಲ್ಲಿ, ಹಾಗೆ ಕೀಲಿ ತೆಗೆಯಲು ಆಗಿತ್ತು. ಅದು ಅಪರೂಪ. ಮನೆಯ ಕಂಪ್ಯೂಟರಿನಲ್ಲಿ ಉಳಿದ ಫೈಲುಗಳನ್ನು ಉಳಿಸಿಕೊಳ್ಳುವುದೇ ದೊಡ್ಡದು. ಎಲ್ಲಕ್ಕೂ ಬೀಗ ಬಿದ್ದು ಡಿಸ್ಕ್ ಸುಮ್ಮನಾಗಿದ್ದರೆ ಅವಸರವಿಲ್ಲ. ನೆಟ್ ಇಲ್ಲದೆ ಹಾಗೇ ಬಿಟ್ಟು ಮೊಬೈಲಿನಲ್ಲಿ ಪತ್ರದ ಫೋಟೊ ತೆಗೆದುಕೊಳ್ಳಿ: ಐಡಿ, ಇಮೇಲ್ ವಿಳಾಸ, ನಾಲ್ಕು ಅಕ್ಷರದ ಎಕ್ಸ್‌ಟೆನ್ಷನ್ ಮೂರೂ ಸ್ಪಷ್ಟವಾಗಿ ಕಾಣಬೇಕು.

ಮೊಬೈಲಿನಿಂದಲೇ ಗೂಗಲ್ ಅಥವಾ ಮೈಕ್ರೊಸಾಫ್ಟ್ ಖಾತೆ ತೆರೆದು ಈ ಕಂಪ್ಯೂಟರನ್ನು ಸೈನ್ ಔಟ್ ಮಾಡಿ. ಸಿಂಕ್ ಅಲ್ಲಿಗೆ ನಿಲ್ಲುತ್ತದೆ. ಬ್ಯಾಂಕ್, ಇಮೇಲ್, ಜಿಎಸ್‌ಟಿ ಪೋರ್ಟಲ್, ಫೇಸ್‌ಬುಕ್ ಪಾಸ್‌ವರ್ಡುಗಳನ್ನೂ ಈಗಲೇ, ಮೊಬೈಲಿನಿಂದಲೇ ಬದಲಾಯಿಸಿ. "ಎಲ್ಲ ಸಾಧನಗಳಿಂದ ಲಾಗ್ ಔಟ್" ಎಂಬುದನ್ನು ಒತ್ತಲು ಮರೆಯಬೇಡಿ. ಪಾಸ್‌ವರ್ಡ್ ಬದಲಾದರೂ ಕದ್ದ ಕುಕೀಯಿಂದ ಒಳಗೇ ಉಳಿಯುವವರನ್ನು ಹೊರಹಾಕುವುದು ಅದು.

ಆಮೇಲೆ ನಮ್ಮ ಖಚಿತವಾದ ಸಲಹೆ: ಆ ಹಾರ್ಡ್ ಡಿಸ್ಕನ್ನು ಬಿಚ್ಚಿ ತೆಗೆಸಿ, ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ, ಬೀರುವಿನಲ್ಲಿ ಇಡಿ. ಕಂಪ್ಯೂಟರಿಗೆ ಹೊಸ ಎಸ್‌ಎಸ್‌ಡಿ ಹಾಕಿಸಿ, ಮೈಕ್ರೊಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಬೇರೆ ಕಂಪ್ಯೂಟರಿನಲ್ಲಿ ಮಾಡಿದ ಕನಿಷ್ಠ 8 ಜಿಬಿ ಪೆನ್‌ಡ್ರೈವ್ ಬಳಸಿ ವಿಂಡೋಸ್ ಹೊಸದಾಗಿ ಹಾಕಿ. ಹಳೆಯ ಡಿಸ್ಕನ್ನು ಸ್ವಚ್ಛಮಾಡಿ ಅದನ್ನೇ ಬಳಸುತ್ತೇವೆ ಎನ್ನುವವರು ಎರಡು ಕಡೆ ಸೋಲುತ್ತಾರೆ. ಪಾಸ್‌ವರ್ಡ್ ಕಳ್ಳ ಪೂರ್ತಿ ಹೋಗಿದೆ ಎಂದು ಯಾವ ಸ್ಕ್ಯಾನ್ ಕೂಡ ಭರವಸೆ ಕೊಡಲಾರದು. ಮುಂದೆ ಕೀಲಿ ಸಿಕ್ಕಾಗ ಬಿಡಿಸಲು ಬೀಗ ಬಿದ್ದ ಫೈಲುಗಳೂ ಉಳಿದಿರುವುದಿಲ್ಲ. ಹಳೆಯ ಡಿಸ್ಕಿನಲ್ಲಿ ಸರಿಯಾಗಿ ಉಳಿದ ಫೈಲುಗಳನ್ನು ತೆಗೆಯಲು ವಿಂಡೋಸ್ ಬದಲು ಉಬುಂಟು ಅಥವಾ ಲಿನಕ್ಸ್ ಮಿಂಟ್ ಇರುವ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಕಾಪಿ ಮಾಡಿಕೊಳ್ಳಿ. ವಿಂಡೋಸಿಗಾಗಿ ಬರೆದ ಬೀಗದ ಪ್ರೋಗ್ರಾಂ ಅಲ್ಲಿ ಏಳುವುದಿಲ್ಲ.

ಯಾವ ಫೈಲ್ ಸಿಗಬಹುದು, ಯಾವುದು ಸಿಗದು

ಮೊದಲು ತಳಿ ಗುರುತಿಸಿ. ಐಡಿ ರ‍್ಯಾನ್ಸಮ್‌ವೇರ್ ಎಂಬ ತಾಣಕ್ಕೆ, ಅಥವಾ ಡಚ್ ಪೊಲೀಸರು, ಯುರೋಪೋಲ್ ಮತ್ತು ಭದ್ರತಾ ಕಂಪನಿಗಳು 2016ರಲ್ಲಿ ಸೇರಿ ಶುರುಮಾಡಿದ ನೋ ಮೋರ್ ರ‍್ಯಾನ್ಸಮ್ ತಾಣದ ಕ್ರಿಪ್ಟೊ ಶೆರಿಫ್ ಪುಟಕ್ಕೆ, ಬೀಗ ಬಿದ್ದ ಒಂದು ಸಣ್ಣ ಫೈಲನ್ನೂ ಪತ್ರವನ್ನೂ ಕೊಟ್ಟರೆ ತಳಿಯ ಹೆಸರು, ಬಿಡಿಸುವ ಉಚಿತ ಸಾಧನ ಇದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ಖಾಸಗಿ ವಿಷಯ ಇಲ್ಲದ ಫೈಲನ್ನೇ ಆರಿಸಿ ಕೊಡಿ.

ಡಿಜೆವಿಯು ಆಗಿದ್ದರೆ ಪರ್ಸನಲ್ ಐಡಿಯ ಕೊನೆಯ ಎರಡು ಅಕ್ಷರ ನೋಡಿ. ಸಿ ಡ್ರೈವಿನಲ್ಲಿ ಸಿಸ್ಟಮ್‌ಐಡಿ ಎಂಬ ಫೋಲ್ಡರಿನೊಳಗೆ ಪರ್ಸನಲ್‌ಐಡಿ ಎಂಬ ಟೆಕ್ಸ್ಟ್ ಫೈಲ್ ಇರುತ್ತದೆ. ಸಣ್ಣ ಟಿ, ಆಮೇಲೆ 1 (t1) ಎಂದು ಐಡಿ ಮುಗಿದರೆ ಆಫ್‌ಲೈನ್ ಕೀ ಬಳಕೆಯಾಗಿದೆ. ಆ ತಳಿಯ ಕೀಲಿ ಯಾರ ಮೂಲಕವಾದರೂ ಹೊರಬಂದಿದ್ದರೆ ಎಮ್ಸಿಸಾಫ್ಟ್ ಕಂಪನಿಯ ಉಚಿತ ಡಿಕ್ರಿಪ್ಟರ್ ನಿಮ್ಮ ಫೈಲುಗಳನ್ನೂ ಬಿಡಿಸುತ್ತದೆ. ಇವತ್ತು ಬಿಡಿಸದಿದ್ದರೂ ಮುಂದೆ ಬಿಡಿಸಬಹುದು, ಬೀರುವಿನಲ್ಲಿಟ್ಟ ಡಿಸ್ಕ್ ಆಗ ಕೆಲಸಕ್ಕೆ ಬರುತ್ತದೆ. ಬೇರೆ ಅಕ್ಷರಗಳಲ್ಲಿ ಮುಗಿದರೆ ಆನ್‌ಲೈನ್ ಕೀ. 2019ರ ಆಗಸ್ಟ್ ನಂತರದ ತಳಿಗಳಲ್ಲಿ ಇದನ್ನು ಬಿಡಿಸುವ ಉಪಾಯ ಯಾರ ಬಳಿಯೂ ಇಲ್ಲ. ಒಂದೇ ಕಂಪ್ಯೂಟರಿನಲ್ಲಿ ಎರಡೂ ಬಗೆಯ ಐಡಿ ಇರಬಹುದು, ಹಾಗಾಗಿ ಪಟ್ಟಿಯ ಪ್ರತಿ ಸಾಲನ್ನೂ ನೋಡಿ.

ವಿಡಿಯೊ ಇರುವವರಿಗೆ ಒಂದು ಒಳ್ಳೆಯ ಸುದ್ದಿ. ಮೊದಲ 150 ಕೆಬಿ ಮಾತ್ರ ಹೋಗಿರುವುದರಿಂದ, ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಒಂದು ಒಳ್ಳೆಯ ಎಂಪಿ4 ಫೈಲನ್ನು ಮಾದರಿಯಾಗಿ ಕೊಟ್ಟರೆ, ಡಿಸ್ಕ್‌ಟ್ಯೂನಾದ ಮೀಡಿಯಾ ರಿಪೇರ್ ತರಹದ ಸಾಧನ ಕೀಲಿ ಇಲ್ಲದೆಯೇ ಬಹುಪಾಲು ವಿಡಿಯೊ ಓಡುವಂತೆ ಮಾಡುತ್ತದೆ. ಮಾದರಿಗೆ ಒಂದು ನಿಮಿಷದ ಹೊಸ ಶೂಟ್ ಸಾಕು, ಆದರೆ ರೆಸಲ್ಯೂಷನ್, ಫ್ರೇಮ್ ರೇಟ್ ಎರಡೂ ಹೊಂದಬೇಕು. ದೊಡ್ಡ ಝಿಪ್ ಫೈಲುಗಳಲ್ಲಿ ಮೊದಲ ಒಂದೆರಡು ಫೈಲ್ ಬಿಟ್ಟು ಉಳಿದವು ರಿಪೇರಿ ಆಗುತ್ತವೆ. ಜೆಪಿಜಿ ಫೋಟೊಗಳಲ್ಲಿ ಮೇಲಿನ ಪಟ್ಟಿ ಹೋಗಿ ಕೆಳಗಿನ ಭಾಗ ಸಿಗುವುದುಂಟು, ಮದುವೆ ಆಲ್ಬಮ್ಮಿಗೆ ಅದು ಸಾಲದು.

ಸ್ಟುಡಿಯೊದವರು ಈ ಹೊತ್ತಿನಲ್ಲಿ ನೆನಪಿಸಿಕೊಳ್ಳಬೇಕಾದದ್ದು ಮೆಮೊರಿ ಕಾರ್ಡ್. ಕಾರ್ಡನ್ನು ಮತ್ತೆ ಕ್ಯಾಮೆರಾಗೆ ಹಾಕಿ ಶೂಟ್ ಮಾಡಬೇಡಿ. ಕಾಪಿ ಆದ ಮೇಲೆ ಅಳಿಸಿದ ಫೋಟೊಗಳ ಮೇಲೆ ಹೊಸದು ಬರೆಯದಿದ್ದರೆ, ಫೋಟೊರೆಕ್ ಎಂಬ ಉಚಿತ ಪ್ರೋಗ್ರಾಂ ಅವನ್ನು ಕಾರ್ಡಿನಿಂದ ಎತ್ತಿಕೊಡುತ್ತದೆ. ಸಿಕ್ಕ ಫೋಟೊಗಳನ್ನು ಅದೇ ಕಾರ್ಡಿಗೆ ಸೇವ್ ಮಾಡದೆ ಬೇರೆ ಡಿಸ್ಕಿಗೆ ಮಾಡಿ. ಕಂಪ್ಯೂಟರಿನ ಎಸ್‌ಎಸ್‌ಡಿಯಲ್ಲಿ ಇದೇ ಪ್ರಯತ್ನ ಸಾಮಾನ್ಯವಾಗಿ ಫಲ ಕೊಡುವುದಿಲ್ಲ, ಅಳಿಸಿದ ಜಾಗವನ್ನು ಎಸ್‌ಎಸ್‌ಡಿ ತಾನೇ ಖಾಲಿ ಮಾಡಿಬಿಡುತ್ತದೆ.

ಹೊರಗೆ ಹೋಗಿರುವ ಪ್ರತಿಗಳನ್ನೂ ಹುಡುಕಿ. ಆಲ್ಬಮ್ ಪ್ರಿಂಟ್ ಮಾಡುವ ಲ್ಯಾಬಿಗೆ ಕಳಿಸಿದ ಪುಟಗಳು, ಇಮೇಲಿನ ಸೆಂಟ್ ಫೋಲ್ಡರ್, ಗ್ರಾಹಕರಿಗೆ ವಾಟ್ಸಾಪ್ ಮಾಡಿದ ಪ್ರೂಫ್, ಆಡಿಟರಿಗೆ ಕೊಟ್ಟ ಟ್ಯಾಲಿ ಬ್ಯಾಕಪ್. ಸಲ್ಲಿಸಿದ ಜಿಎಸ್‌ಟಿ ರಿಟರ್ನ್‌ಗಳು ಪೋರ್ಟಲಿನಲ್ಲೇ ಇರುತ್ತವೆ, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತೆ ತೆಗೆಯಬಹುದು. ಇವೆರಡನ್ನು ಮುಂದಿಟ್ಟುಕೊಂಡು ಒಂದು ವರ್ಷದ ಲೆಕ್ಕ ಮತ್ತೆ ಕಟ್ಟಲು ಸಾಧ್ಯ. ಗೂಗಲ್ ಡ್ರೈವಿನಲ್ಲಿ ಟ್ರ್ಯಾಶ್ ಮತ್ತು ಮ್ಯಾನೇಜ್ ವರ್ಷನ್ಸ್ ಎರಡನ್ನೂ 30 ದಿನದೊಳಗೆ ನೋಡಿ. ಮೈಕ್ರೊಸಾಫ್ಟ್ 365 ಚಂದಾ ಇರುವವರು ಇಡೀ ಒನ್‌ಡ್ರೈವನ್ನು 30 ದಿನದೊಳಗಿನ ಯಾವುದೇ ದಿನಕ್ಕೆ ಹಿಂದಿರುಗಿಸಬಹುದು.

ಹಣ ಕಟ್ಟುವುದು, ದೂರು ಕೊಡುವುದು

490 ಡಾಲರ್ ಎಂದರೆ ನಲವತ್ತು ಸಾವಿರ ರೂಪಾಯಿ ದಾಟುತ್ತದೆ. ಬಿಟ್‌ಕಾಯಿನ್‌ನಲ್ಲಿ ಹೋದ ಹಣ ಹಿಂದೆ ಬರುವುದಿಲ್ಲ, ಕೀಲಿ ಬರುತ್ತದೆ ಎಂಬ ಖಾತರಿ ಇಲ್ಲ. ಕಟ್ಟಬೇಡಿ ಎಂಬುದೇ ನಮ್ಮ ಮಾತು. ಅದಕ್ಕಿಂತ ಹೆಚ್ಚಾಗಿ, "ನಾವು ಬಿಡಿಸಿಕೊಡುತ್ತೇವೆ" ಎಂದು ಮುಂದೆ ಬರುವವರ ಬಗ್ಗೆ ಎಚ್ಚರ. ಆನ್‌ಲೈನ್ ಕೀ ಎಂದು ಗೊತ್ತಾದ ಮೇಲೂ ಮುಂಗಡ ಕೇಳುವ ಅಂಗಡಿ ಇದ್ದರೆ, ಯಾವ ವಿಧಾನದಿಂದ ಬಿಡಿಸುತ್ತೀರಿ ಎಂದು ಕೇಳಿ, ನೀವು ಆರಿಸಿದ ಎರಡು ಸಣ್ಣ ಫೈಲ್ ಬಿಡಿಸಿ ತೋರಿಸಲಿ. 2020ರಲ್ಲಿ ಡಿಜೆವಿಯು ಡಿಕ್ರಿಪ್ಟರ್ ಎಂಬ ಹೆಸರಿನಲ್ಲೇ ಝೊರಾಬ್ ಎಂಬ ಇನ್ನೊಂದು ರ‍್ಯಾನ್ಸಮ್‌ವೇರ್ ಹರಿದಾಡಿತ್ತು. ಓಡಿಸಿದವರ ಫೈಲುಗಳಿಗೆ ಬೀಗದ ಮೇಲೆ ಬೀಗ ಬಿತ್ತು. ಡಿಕ್ರಿಪ್ಟರನ್ನು ನೋ ಮೋರ್ ರ‍್ಯಾನ್ಸಮ್ ಅಥವಾ ಎಮ್ಸಿಸಾಫ್ಟ್ ತಾಣದಿಂದ ಮಾತ್ರ ತೆಗೆದುಕೊಳ್ಳಿ, ಯೂಟ್ಯೂಬ್ ವಿಡಿಯೊ ಕೆಳಗಿನ ಲಿಂಕಿನಿಂದ ಬೇಡ.

ದೂರಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಮೈಸೂರು, ಮಂಡ್ಯ ಎರಡೂ ಕಡೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆ ಇದೆ. ಪತ್ರದ ಪ್ರಿಂಟ್, ಫೈಲ್ ಹೆಸರುಗಳ ಫೋಟೊ, ಕ್ರ್ಯಾಕ್ ಇಳಿಸಿಕೊಂಡ ತಾಣದ ವಿಳಾಸ, ದಿನಾಂಕ ಮತ್ತು ಸಮಯ ತೆಗೆದುಕೊಂಡು ಹೋಗಿ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್‌ಗಳ ಅಡಿ ಇದು ಅಪರಾಧ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 1800-11-4949 ಸಂಖ್ಯೆಗೂ ತಿಳಿಸಬಹುದು. ಕ್ರ್ಯಾಕ್ ಬಳಸಿದ್ದೆವು ಎಂಬ ಮುಜುಗರಕ್ಕೆ ಬಾಯಿ ಮುಚ್ಚಿಕೊಂಡವರಿಂದ ಆ ತಾಣಕ್ಕೆ ಅನುಕೂಲವೇ ಹೊರತು ಬೇರೆ ಯಾರಿಗೂ ಅಲ್ಲ.

ಮತ್ತೆ ಬರದಂತೆ

ಬ್ಯಾಕಪ್ಪಿಗೆ 3-2-1 ಎಂಬ ಲೆಕ್ಕ ಇದೆ: ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಬೇರೆ ಕಟ್ಟಡದಲ್ಲಿ. ಅಂಗಡಿಗೆ ಒಗ್ಗುವ ರೀತಿ ಹೇಳುವುದಾದರೆ, 1 ಟಿಬಿಯ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಿ. ಸೋಮವಾರ ಒಂದಕ್ಕೆ, ಗುರುವಾರ ಇನ್ನೊಂದಕ್ಕೆ ಕಾಪಿ. ಕಾಪಿ ಮುಗಿದ ಕೂಡಲೇ ಕಿತ್ತು, ಒಂದನ್ನು ಅಂಗಡಿಯಲ್ಲೂ ಒಂದನ್ನು ಮನೆಯಲ್ಲೂ ಇಡಿ. ಎರಡೂ ಒಂದೇ ಹೊತ್ತಿಗೆ ಒಂದೇ ಕಂಪ್ಯೂಟರಿನಲ್ಲಿ ಇರಬಾರದು. ಸದಾ ಚುಚ್ಚಿಟ್ಟ ಡಿಸ್ಕ್ ಬ್ಯಾಕಪ್ಪೇ ಅಲ್ಲ, ಬೀಗದ ಪ್ರೋಗ್ರಾಮಿಗೆ ಅದು ಇನ್ನೊಂದು ಡ್ರೈವ್ ಅಷ್ಟೆ. ಸ್ಟುಡಿಯೊದವರು ಆಲ್ಬಮ್ ಕೈಗೆ ಕೊಡುವವರೆಗೆ ಆ ಮದುವೆಯ ಕಾರ್ಡುಗಳನ್ನು ಅಳಿಸದೆ ಇಡಲಿ. ಸೀಸನ್ನಿನಲ್ಲಿ ಕಾರ್ಡು ಸಾಲದು ಎನ್ನುವುದಾದರೆ ಇನ್ನೆರಡು ಕಾರ್ಡು ಕೊಳ್ಳುವುದು ಒಂದು ಮದುವೆಯ ಫೋಟೊ ಕಳೆದುಕೊಳ್ಳುವುದಕ್ಕಿಂತ ಅಗ್ಗ.

ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಅಲ್ಲಿಂದ ಮ್ಯಾನೇಜ್ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್‌ಗೆ ಹೋಗಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಮಾಡಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೊಸ್ ತರಹದ ಫೋಲ್ಡರುಗಳು ತಾವಾಗಿ ರಕ್ಷಣೆಯೊಳಗೆ ಬರುತ್ತವೆ. ಡಿ ಡ್ರೈವಿನ ಫೋಲ್ಡರುಗಳನ್ನು, ಟ್ಯಾಲಿಯ ಡೇಟಾ ಫೋಲ್ಡರನ್ನು ನೀವೇ ಸೇರಿಸಬೇಕು. ಆನ್ ಮಾಡಿದ ಮೇಲೆ ಟ್ಯಾಲಿ ಅಥವಾ ನುಡಿ ಸೇವ್ ಮಾಡಲು ಬಿಡುತ್ತಿಲ್ಲ ಎಂದು ದೂರು ಬರುವುದು ಸಹಜ. ಆಗ ಪೂರ್ತಿ ಆಫ್ ಮಾಡದೆ, "ಅಲೋ ಆ್ಯನ್ ಆ್ಯಪ್" ಎಂಬಲ್ಲಿ ಇತ್ತೀಚೆಗೆ ಬ್ಲಾಕ್ ಆದವುಗಳ ಪಟ್ಟಿಯಿಂದ ಆ ಒಂದು ಪ್ರೋಗ್ರಾಮಿಗೆ ಮಾತ್ರ ಅನುಮತಿ ಕೊಡಿ. ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಡಿಫೆಂಡರ್ ಪಕ್ಕಕ್ಕೆ ಸರಿಯುವುದರಿಂದ ಈ ಸೌಲಭ್ಯ ಕೆಲಸ ಮಾಡುವುದಿಲ್ಲ, ಆ ಆಂಟಿವೈರಸ್ಸಿನಲ್ಲೇ ಇಂಥದ್ದು ಇದೆಯೇ ನೋಡಿ.

ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಳ್ಳಿ. ಶ್ಯಾಡೊ ಕಾಪಿ ಅಳಿಸಲು, ಡಿಫೆಂಡರ್ ಆಫ್ ಮಾಡಲು ಅಡ್ಮಿನ್ ಅಧಿಕಾರ ಬೇಕು, ಆ ಪಾಸ್‌ವರ್ಡ್ ಕೆಲಸದ ಹುಡುಗರಿಗೆ ಗೊತ್ತಿರಬೇಕಾಗಿಲ್ಲ. ಆದರೆ ಆ ಖಾತೆಯಲ್ಲಿ ತೆರೆಯಬಹುದಾದ ಫೈಲುಗಳಿಗೆ ಬೀಗ ಹಾಕಲು ಅಡ್ಮಿನ್ ಅಧಿಕಾರ ಬೇಕಿಲ್ಲ, ಹಾಗಾಗಿ ಇದೊಂದನ್ನೇ ನಂಬಬೇಡಿ. ರೂಟರಿನಲ್ಲಿ 3389 ಪೋರ್ಟ್ ಫಾರ್ವರ್ಡ್ ಆಗಿದ್ದರೆ ತೆಗೆಸಿ, ಮನೆಯಿಂದ ಟ್ಯಾಲಿ ನೋಡಲೇಬೇಕೆಂದರೆ ವಿಪಿಎನ್, ಅಂದರೆ ಹೊರಗಿನವರು ನುಸುಳದ ಖಾಸಗಿ ಸಂಪರ್ಕ, ಮೂಲಕ ಬನ್ನಿ.

ಕ್ರ್ಯಾಕ್ ಬಿಡಲು ದುಡ್ಡೇ ಬೇಕೆಂದಿಲ್ಲ. ನುಡಿ ಉಚಿತ. ಕಾಗದಪತ್ರಕ್ಕೆ ಲಿಬ್ರೆ ಆಫೀಸ್, ಫೋಟೊಗೆ ಗಿಂಪ್, ಲೋಗೊ ಮತ್ತು ಆಹ್ವಾನ ಪತ್ರಿಕೆಗೆ ಇಂಕ್‌ಸ್ಕೇಪ್, ವಿಡಿಯೊಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಇವೆ. ಆಕ್ಟಿವೇಟ್ ಆಗದ ವಿಂಡೋಸ್ ಕೂಡ ಮೂಲೆಯಲ್ಲಿ ಒಂದು ಸಾಲು ತೋರಿಸುತ್ತಾ ಓಡುತ್ತದೆ, ಭದ್ರತಾ ಅಪ್‌ಡೇಟನ್ನೂ ಪಡೆಯುತ್ತದೆ. ಆಕ್ಟಿವೇಟರ್ ಹಾಕಿದ ವಿಂಡೋಸಿಗಿಂತ ಅದು ಎಷ್ಟೋ ವಾಸಿ.

ಕೊನೆಯದಾಗಿ, ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ಐದಾರು ಫೈಲ್ ತೆರೆದು ನೋಡಿ. ಟ್ಯಾಲಿಯವರು ಡೇಟಾ ಮೆನುವಿನ ಬ್ಯಾಕಪ್ ಬಳಸಿದ್ದರೆ ಅದನ್ನು ಒಂದು ಖಾಲಿ ಫೋಲ್ಡರಿಗೆ ರಿಸ್ಟೋರ್ ಮಾಡಿ, ಕಂಪನಿ ತೆರೆದು, ಕೊನೆಯ ವೋಚರಿನ ದಿನಾಂಕ ಬ್ಯಾಕಪ್ ಮಾಡಿದ ದಿನಕ್ಕೆ ಹೊಂದುತ್ತದೆಯೇ ಎಂದು ತಾಳೆ ನೋಡಿ. ಈಗ ಓಡುತ್ತಿರುವ ಡೇಟಾ ಫೋಲ್ಡರಿನ ಮೇಲೆಯೇ ರಿಸ್ಟೋರ್ ಕೊಡಬೇಡಿ, ಹೊಸ ಎಂಟ್ರಿಗಳೆಲ್ಲ ಅಳಿಸಿಹೋಗುತ್ತವೆ.